ಏಳನೆಯ ಕೀಲಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನ್ನದು ಕೀಲಿ ಮಾಡುವ ಅಂಗಡಿ. ಬೀಗವನ್ನೂ ತೋರಿಸದೆ, ಸೋಪಿನ ಮೇಲೆ ಬರೀ ಅಚ್ಚು ಒತ್ತಿ ತಂದವನಿಗೆ ಕೀಲಿ ಮಾಡಿಕೊಡಬಾರದೆಂದು ಅಪ್ಪ ಹೇಳಿದ್ದರು. ಒಬ್ಬನಿಗೆ ನಾನು ಏಳು ಸಲ ಮಾಡಿಕೊಟ್ಟೆ. "ನಿಮ್ಮಂಥ ಕೈ ಈ ಊರಲ್ಲೇ ಇಲ್ಲ ಅಣ್ಣಾ" ಅನ್ನುತ್ತಿದ್ದ. ಅಷ್ಟಕ್ಕೇ ಉಬ್ಬಿಹೋಗುತ್ತಿದ್ದೆ.

ಒಂಟಿ ಹೆಂಗಸರನ್ನು ಕೊಲ್ಲುವವನಿಗಾಗಿ ಪೊಲೀಸರು ಆ ವರ್ಷವೆಲ್ಲ ಊರು ಜಾಲಾಡಿದರು. ಕೊನೆಗೆ ಸಿಕ್ಕಿಬಿದ್ದವನು ನನ್ನ ಆ ಗಿರಾಕಿಯೇ. ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರು ಬಂದು ನನ್ನ ಮೇಜಿನ ಮೇಲೆ ಆರು ಕೀಲಿ ಸುರಿದರು.

"ಆರು ಮನೆ, ಆರು ಹೆಣ. ಒಂದು ಬೀಗಾನೂ ಒಡೆದಿಲ್ಲ. ಇವು ನಿಮ್ಮ ಕೆಲಸಾನಾ?"

"ಅಲ್ಲ ಸಾರ್," ಎಂದೆ.

ಬೆನ್ನ ಹಿಂದಿನ ಗೋಡೆಯಲ್ಲಿ ಏನೋ ಟಿಣ್ ಎಂದಿತು.

ಯಾವ ಕೀಲಿ ಮಾಡಿದರೂ ಅಂಥದ್ದೇ ಇನ್ನೊಂದನ್ನು ಮೊಳೆಗೆ ನೇತುಹಾಕಿಡುವುದು ನಮ್ಮ ಅಂಗಡಿಯ ರೂಢಿ; ಕಳೆದುಕೊಂಡವರು ಬಂದೇ ಬರುತ್ತಾರೆ. ಇನ್‌ಸ್ಪೆಕ್ಟರು ಹೋದಮೇಲೆ ತಿರುಗಿ ನೋಡಿದೆ. ಗಾಳಿ ಇರಲಿಲ್ಲ, ಫ್ಯಾನೂ ತಿರುಗುತ್ತಿರಲಿಲ್ಲ. ಅವನ ಏಳರಲ್ಲಿ ಆರು ಕೀಲಿಗಳು ಸುಮ್ಮನಿದ್ದವು. ಏಳನೆಯದು ತೂಗಾಡುತ್ತಿತ್ತು. ಮುಟ್ಟಿದರೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಮುಷ್ಟಿ ಬಿಚ್ಚಿ ಬಿಟ್ಟಂತೆ. ಕೈಗೆಲ್ಲ ಸೋಪಿನ ವಾಸನೆ ಹತ್ತಿತು.

ಅದು ಯಾವ ಮನೆಯದೋ ನನಗೆ ಗೊತ್ತಿಲ್ಲ. ಹೇಳಿಬಿಡಬೇಕೆಂದು ಠಾಣೆಯ ಮೆಟ್ಟಿಲ ತನಕ ಮೂರು ಸಲ ಹೋದೆ. ಒಮ್ಮೆ ಸುಳ್ಳು ಹೇಳಿದವನು ಯಾವ ಮುಖ ಹೊತ್ತು ಒಳಗೆ ಹೋಗಲಿ? ಮೂರು ಸಲವೂ ವಾಪಸಾದೆ.

ಅವನನ್ನು ಗಲ್ಲಿಗೇರಿಸಿ ಒಂಬತ್ತು ವರ್ಷವಾಯಿತು. ಪತ್ರಿಕೆಯವರು ಈಗಲೂ ಆರು ಕೊಲೆ ಎಂದೇ ಬರೆಯುತ್ತಾರೆ. ಇವತ್ತು ಬೆಳಿಗ್ಗೆ ಅಂಗಡಿ ತೆರೆದವನೇ ಆ ಕೀಲಿ ಮುಟ್ಟಿ ನೋಡಿದೆ.

ಬೆಚ್ಚಗಿತ್ತು.