ಏಳನೇ ನಂಬರ್ ಪೈಪು

ಎಡಗೈಯಲ್ಲಿ ಕಂಬಿ. ಬಲಗೈಯಲ್ಲಿ ಮಣ್ಣು ತುಂಬಿದ, ಒಳಗಿದ್ದದ್ದೆಲ್ಲಾ ಕಾಣೋ ಪ್ಲಾಸ್ಟಿಕ್ ಪೈಪು. ಕಾಲ ಕೆಳಗೆ... ಏನೂ ಇಲ್ಲ!

ನೂರಿಪ್ಪತ್ತು ಅಡಿ ಏನೂ ಇಲ್ಲ ಸ್ವಾಮಿ. ಅದಾದ ಮೇಲೆ ಬಂಡೆ.

ಬೆಳಿಗ್ಗೆ ಒಂಬತ್ತೂವರೆಗೆ ಅಣೆಕಟ್ಟಿನ ಕಂಬಿಗೆ ಬಾವಲಿ ಹಾಗೆ ಜೋತುಬಿದ್ದಿದ್ದೆ. ಮೇಲಿಂದ ಮೊಟ್ಟೆ ಬಗ್ಗಿ ನೋಡ್ತಿದ್ದ. ಮೊಟ್ಟೆ ಅಂದ್ರೆ ತಿನ್ನೋದಲ್ಲ, ರಿಪೋರ್ಟ್ ಸಾಹೇಬ್ರ ಬಂಟ. ತಲೆ ಮೇಲೂ ಏನಿಲ್ಲ, ಒಳಗೂ ಅಂಥದ್ದೇನಿಲ್ಲ.

"ಪೈಪ್ ಕೊಡು. ಕೈ ಕೊಡ್ತೀನಿ."

"ಕೈ ಕೊಡೋದ್ರಲ್ಲಿ ನೀವು ಫೇಮಸ್ ಅಂತ ಕೇಳಿದೀನಿ," ಅಂದೆ.

ನನ್ನ ಬೆರಳ ಮೇಲೆ ಬೂಟಿಟ್ಟ. ಜೋಕು ಹಿಡಿಸಲಿಲ್ಲ ಅಂತ ಕಾಣುತ್ತೆ.

ಇಲ್ಲಿಗೆ ಹೇಗೆ ಬಂದೆ ಅಂತೀರಾ? ಅಕ್ಕನಿಂದ. ಚಿಕ್ಕಂದಿನಿಂದಲೂ ನನ್ನ ಎಲ್ಲಾ ಗ್ರಹಚಾರ ಅಲ್ಲಿಂದಲೇ ಶುರು.

ನಾನು ಕಳೆದದ್ದನ್ನ ಹುಡುಕಿಕೊಡೋನು. ಓಡಿಹೋದ ಗಂಡ, ಕದ್ದ ಲಾರಿ, ಮಾಯವಾದ ಫೈಲು... ಅಕ್ಕ ಅಣೆಕಟ್ಟಿನ ಕೆಳಗೆ ಮೀನು ಸಾಕ್ತಾಳೆ. ಅವಳ ಕೊಳಗಳಿಗೂ ಹೊಳೆ ನೀರೇ, ಅವಳ ಮಕ್ಕಳು ಕುಡಿಯೋದೂ ಅದೇ. ಅಣೆಕಟ್ಟಿಗೆ ವಯಸ್ಸಾಗಿದೆ. ಕರೆಂಟಿಗಿಂತ ಸದ್ದೇ ಜಾಸ್ತಿ. ಒಡೆದು ಹಾಕೋಣ ಅಂತ ಮೇಲಿನವರು ಹೊರಟಿದ್ರು. ಅಕ್ಕನಿಗೂ ಒಪ್ಪಿಗೆಯೇ. ಹೊಳೆ ಹರೀಲಿ ಬಿಡು ಅಂತಾಳೆ.

ಅವಳ ತಕರಾರು ಒಂದೇ. ಗೋಡೆ ಹಿಂದೆ ಅರವತ್ತು ವರ್ಷದ ಹೂಳು ಕೂತಿದೆ. ಮೇಲ್ಗಡೆ ಇದ್ದ ಬ್ಯಾಟರಿ ಫ್ಯಾಕ್ಟರಿ ಮೂವತ್ತು ವರ್ಷ ಅದರೊಳಗೆ ಸೀಸ ಸುರಿದಿದೆ. ಹೂಳು ತೆಗೆಯದೆ ಗೋಡೆ ಒಡೆದ್ರೆ ಅಷ್ಟೂ ವಿಷ ಸೀದಾ ಅಕ್ಕನ ಮನೆಗೆ!

ರಿಪೋರ್ಟ್ ಸಾಹೇಬ್ರು, ಅಂದ್ರೆ ಪರಿಸರ ವರದಿ ಬರೆಯೋ ಕಂಟ್ರಾಕ್ಟ್ ಹಿಡಿದ ಮಹಾನುಭಾವರು, ಹನ್ನೆರಡು ಕಡೆ ನಲವತ್ತಡಿ ನೀರಿನ ತಳದಿಂದ ಮಣ್ಣು ತೆಗೆಸಿದೆ, ಎಲ್ಲಾ ಕ್ಲೀನ್ ಅಂತ ಬರೆದಿದ್ರು. ಅವತ್ತು ಹನ್ನೊಂದಕ್ಕೆ ಸಾರ್ವಜನಿಕ ವಿಚಾರಣೆ. ಯಾರೂ ತಪ್ಪು ತೋರಿಸದಿದ್ರೆ ಸಹಿ ಬೀಳುತ್ತೆ. ಅಷ್ಟೊಂದು ಕ್ಲೀನ್ ಹೇಗಾಯ್ತು, ನೋಡ್ಕೊಂಡು ಬಾರೋ ಅಂದಳು ಅಕ್ಕ.

ವಾಟರ್ ಫಿಲ್ಟರ್ ರಿಪೇರಿಯವನು ಅಂತ ಹೇಳಿ ಸೈಟ್ ಆಫೀಸಿಗೆ ನುಗ್ಗಿದೆ. ಮೊಟ್ಟೆ ಕುರ್ಚಿಯಲ್ಲೇ ಗೊರಕೆ ಹೊಡೀತಿದ್ದ. ಫ್ರಿಜ್ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಮಣ್ಣಿನ ಸ್ಯಾಂಪಲ್ ಮಾತ್ರ. ತೆಗೆದು ನೋಡಿದ್ರೆ... ಟಿಫಿನ್ ಡಬ್ಬಿಗಳು, ಕೂಲ್ ಡ್ರಿಂಕ್ಸು, ಯಾರೋ ಕಚ್ಚಿಟ್ಟ ಕೇಕು!

ಸ್ಯಾಂಪಲ್ ತುಂಬಿದ ಪೈಪುಗಳು ಕಿಟಕಿ ಕಟ್ಟೆ ಮೇಲೆ ಬಿಸಿಲು ಕಾಯಿಸ್ಕೊಂಡು ನಿಂತಿದ್ವು. ಏಳನೇ ನಂಬರ್ ಪೈಪಿನ ಒಳಗೆ, ಸೀಲ್ ಹಾಕಿದ ಮುಚ್ಚಳದ ಕೆಳಗೆ, ಹಸಿರಾಗಿ ಒಂದು ಸಸಿ!

ನಲವತ್ತಡಿ ನೀರಿನ ತಳದ ಮಣ್ಣಲ್ಲಿ ಟೊಮೆಟೊ ಸಸಿ ಸ್ವಾಮಿ! ಫೋನಲ್ಲಿ ಅಕ್ಕನಿಗೆ ಹೇಳಿದೆ.

"ಸೀಲ್ ಒಡೀಬೇಡ. ಒಡೆದ್ರೆ ನಾವೇ ನೆಟ್ಟಿದ್ದು ಅಂತಾರೆ. ಹಾಗೇ ಎತ್ಕೊಂಡು ಬಾ, ಕೆಳಗೆ ವ್ಯಾನ್ ತರ್ತೀನಿ," ಅಂದಳು.

ಆಮೇಲೆ ನಗು ಬಂತು. ಜೋರಾಗೇ ಬಂತು. ಅದೇ ನಾನು ಮಾಡಿದ ತಪ್ಪು. ಮೊಟ್ಟೆ ಎದ್ದ, ನಾನು ಪೈಪ್ ಹಿಡ್ಕೊಂಡು ಅಣೆಕಟ್ಟಿನ ಮೇಲೆ ಓಡಿದೆ, ಕಂಬಿ ಹತ್ರ ಅವನು ಒಂದು ತಳ್ಳು ತಳ್ಳಿದ.

ಹಾಗೆ ನೇತಾಡ್ತಿದ್ದೆ.

ಎಡಕ್ಕೆ ಎರಡು ಮಾರು ದೂರದಲ್ಲಿ ರಿಪೇರಿಯವರ ಕಬ್ಬಿಣದ ಅಟ್ಟಣೆ ಇತ್ತು. ಪೈಪನ್ನ ಶರ್ಟೊಳಗೆ ತುರುಕಿದೆ. ಒಂದು ಸಲ ತೂಗಾಡಿದೆ... ಎರಡು ಸಲ... ಕೈ ಬಿಟ್ಟೆ!

ಮಂಡಿ ಚರ್ಮ ಎದ್ದು ಬಂತು, ಸೀಲ್ ಮಾತ್ರ ಭದ್ರ. ಏಣಿ ಇಳಿದು ಕೆಳಗೆ ಬಂದ್ರೆ ಅಕ್ಕ ಮೀನಿನ ವ್ಯಾನ್ ಸ್ಟಾರ್ಟ್ ಮಾಡ್ಕೊಂಡೇ ಕೂತಿದ್ದಳು. ನನ್ನ ಮಂಡಿ ಕಡೆ ನೋಡಲೇ ಇಲ್ಲ. ಮೊದಲು ಸಸಿ ನೋಡಿದಳು. ಇವಳ ಜತೆ ಹುಟ್ಟಿದ್ದಕ್ಕೆ ನನಗೆ ಬರಬೇಕಾದ್ದೇ!

ಹಿಂದೆ ಮೊಟ್ಟೆಯ ಜೀಪು. ಮೊದಲ ತಿರುವಲ್ಲಿ ಹತ್ರ ಬಂತು. ಎರಡನೇ ತಿರುವಲ್ಲಿ ನಮ್ಮ ಬಂಪರಿಗೆ ಮುತ್ತಿಕ್ಕಿತು. ಹಿಂದಿನ ಟ್ಯಾಂಕಿನ ನಲ್ಲಿ ತಿರುಗಿಸು ಅಂದಳು ಅಕ್ಕ. ಮೀನು ಇಳಿಸಿ ಬಂದಿದ್ದಳು, ಲೋಳೆ ನೀರು ಪೂರ್ತಿ ಉಳಿದಿತ್ತು. ತಿರುಗಿಸಿದೆ. ಜೀಪು ಜಾರಿ, ಗಿರಕಿ ಹೊಡೆದು, ಚರಂಡಿಗೆ ಮೂತಿ ಇಟ್ಟಿತು.

ವಿಚಾರಣೆಯ ಹಾಲ್ ತುಂಬಿತ್ತು. ಮಧ್ಯದಲ್ಲಿ ಅಧಿಕಾರಿ ಮೇಡಂ, ಕೈಯಲ್ಲಿ ಗಂಟೆ. ಹೆಸರು ಬರೆಸಿದವರಿಗೆ ಮಾತ್ರ ಮಾತು, ಅದೂ ಮೂರೇ ನಿಮಿಷ. ಅಕ್ಕ ಹಿಂದಿನ ದಿನವೇ ಬರೆಸಿದ್ದಳು. ಹೋಗಿ ಪೈಪನ್ನ ಸಾಹೇಬ್ರ ಮುಂದಿಟ್ಟಳು. ಸಸಿ ಕಾಣದ ಹಾಗೆ ಕರ್ಚೀಫ್ ಸುತ್ತಿದ್ದಳು.

"ಈ ಸೀಲು, ಸಹಿ ನಿಮ್ದೇನಾ ಸಾಹೇಬ್ರೇ?"

ಅವರು ತಿರುಗಿಸಿ ತಿರುಗಿಸಿ ನೋಡಿದ್ರು. "ನಂದೇ. ಸೀಲೂ ಒಡೆದಿಲ್ಲ. ಮೇಡಂ, ಇವರು ಕದ್ದು ತಂದಿದ್ದಾರೆ. ಕೇಸ್ ಹಾಕಿ."

"ಹಾಕ್ಲಿ. ಎಷ್ಟು ಆಳದ್ದು ಇದು?"

"ನಲವತ್ತಡಿ. ರಿಪೋರ್ಟಲ್ಲೇ ಇದೆ, ಓದೋಕೆ ಬಂದ್ರೆ ಓದಿ."

ಅಕ್ಕ ಕರ್ಚೀಫ್ ಬಿಚ್ಚಿದಳು.

ಮೇಡಂ ಕನ್ನಡಕ ಹಾಕ್ಕೊಂಡ್ರು. ಕತ್ತರಿ ತರಿಸಿ ಸೀಲ್ ಅವರೇ ಕತ್ತರಿಸಿದ್ರು. ಮುಚ್ಚಳ ತೆಗೆದ ಕೂಡಲೇ ಸಸಿ ತಲೆ ಎತ್ತಿತು. ಎಲೆ ಉಜ್ಜಿ ಮೂಸಿದ್ರು. ಇದು ಯಾರ ಮನೆ ಹಿತ್ತಲು ಅಂತ ಮೆಲ್ಲಗೆ ಕೇಳಿದ್ರು.

ಸಾಹೇಬ್ರ ಮುಖ ಹರಳೆಣ್ಣೆ ಕುಡಿದ ಹಾಗಾಯ್ತು. "ನಮ್ಮ ಹಿತ್ತಲಲ್ಲಿ ಟೊಮೆಟೊ ಹಾಕೇ ಇಲ್ಲ ಮೇಡಂ," ಅಂದ್ರು.

ಟೊಮೆಟೊ ಅಂತ ಅಲ್ಲಿವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋದು ಇದಕ್ಕೇ. ಹಾಲ್ ಬಿದ್ದು ಬಿದ್ದು ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. ಕುರ್ಚಿಯನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡ್ಕೊಂಡು ನಿಂತಿದ್ದಳು. ಅವಳಿಗೂ ಭಯ ಆಗುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಹೋಗಿ ಅವಳ ಪಕ್ಕ ನಿಂತೆ.

ಆ ರಿಪೋರ್ಟು ರದ್ದಾಯ್ತು. ಎಲ್ಲರ ಕಣ್ಣೆದುರು, ದೋಣಿಯಲ್ಲಿ ಹೋಗಿ ಹೊಸ ಮಣ್ಣು ತೆಗೆದ್ರು. ಬೇಕಾದಷ್ಟು ಸೀಸ ಸಿಕ್ತು. ಮೊದಲು ಹೂಳು, ಆಮೇಲೆ ಗೋಡೆ ಅಂತ ಆದೇಶ ಬಂತು.

ಸಾಹೇಬ್ರ ಮೇಲಿನ ಕೇಸ್ ಮುಗಿದ ಮೇಲೆ ಪೈಪು ಅಕ್ಕನಿಗೇ ಸಿಕ್ತು. ಅಷ್ಟು ದಿನ ಕೋರ್ಟಿನ ಗುಮಾಸ್ತ ನೀರು ಹಾಕಿ ಸಾಕಿದ್ದನಂತೆ. ಅಕ್ಕ ಸಸಿಯನ್ನ ಮಣ್ಣಿನ ಸಮೇತ ಕೊಳದ ಪಕ್ಕ ನೆಟ್ಟಳು. ಮೊನ್ನೆ ಹೋದಾಗ ಕೆಂಪಗಿನ ಒಂದು ಹಣ್ಣು ಕಿತ್ತು ಕೊಟ್ಟಳು. ಒರೆಸಿಕೊಂಡು ತಿಂದೆ.

ಪಾಪ, ಸಾಹೇಬ್ರು ಸುಳ್ಳು ಬರೆದಿರಲಿಲ್ಲ ಸ್ವಾಮಿ... ಆ ಮಣ್ಣಲ್ಲಿ ಒಂಚೂರೂ ವಿಷ ಇಲ್ಲ!