ಕಾಪೋರಾಳ ಸೋರೆಬುರುಡೆ

ನಾವು ಕಸೇನಾ ಕುಲದ ಹೆಂಗಸರು ಗೋಡೆಗೆ ಬರೆಯುವುದು ಮೂರೇ ಬಣ್ಣದಲ್ಲಿ: ಕೆಂಪು ಮಣ್ಣು, ಕಪ್ಪು, ಸುಣ್ಣದ ಬಿಳಿ. ಆ ಬೇಸಿಗೆಯಲ್ಲಿ ನಾನು ಓರಗಿತ್ತಿ ಕಾಪೋರಾಳ ಕೋಣೆಯ ಹೊರಗೋಡೆಗೆ ಅವಳು ನೀರು ಕುಡಿಯುವ ಸೋರೆಬುರುಡೆಯನ್ನು ಬರೆದೆ. ಕಪ್ಪು ಅರ್ಧವೃತ್ತ, ಬಿಳಿಯ ಅಂಚು, ಅಷ್ಟೇ. ಬಣ್ಣ ಕೂರಲೆಂದು ಕಲ್ಲಿನಿಂದ ಉಜ್ಜತೊಡಗಿದಾಗ ಗೋಡೆಯ ಆಚೆಯಿಂದಲೂ ಯಾರೋ ಉಜ್ಜುವ ಸದ್ದು ಕೇಳಿಸಿತು. ನಾನು ನಿಲ್ಲಿಸಿದೆ. ಅದು ನಿಲ್ಲಲಿಲ್ಲ. ಉರಿಬಿಸಿಲಲ್ಲಿ ನಿಂತ ಗೋಡೆ ನನ್ನ ಅಂಗೈಗೆ ತಣ್ಣಗೆ ಕೊರೆಯಿತು.

"ಏನೇ ಇದು?" ಹಿಂದಿನಿಂದ ಕಾಪೋರಾ ಕಿರುಚಿದಳು.

ನಾನು ಬರೆದ ಅರ್ಧವೃತ್ತ ಚೂಪು ತ್ರಿಕೋನಗಳಾಗಿ ಸೀಳಿಹೋಗಿತ್ತು. ನಮ್ಮ ಮನೆತನದಲ್ಲಿ ಹೆಂಗಸು ಸತ್ತರೆ ಅವಳು ನೀರು ಕುಡಿಯುತ್ತಿದ್ದ ಸೋರೆಬುರುಡೆಯನ್ನು ಒಡೆಯುತ್ತಾರೆ. ಒಡೆದ ಬುರುಡೆಯನ್ನು ನಾವು ಬರೆಯುವುದು ಹೀಗೆಯೇ.

"ನನ್ನ ಮಣ್ಣು ಮಾಡೋಕೆ ಅಷ್ಟು ಆತುರಾನೇನೇ ನಿಂಗೆ?"

"ನಾನಲ್ಲ ಅಕ್ಕಾ, ನಿನ್ನಾಣೆ! ಒಳಗ್ಯಾರಿದ್ದಾರೆ?"

"ಒಳಗ್ಯಾರೇ ಇರ್ತಾರೆ? ಮನೆಯವ್ರೆಲ್ಲ ಇಲ್ಲೇ ಅಂಗಳದಲ್ಲೇ ಇದ್ದೀವಲ್ಲ!"

ತಗ್ಗು ಬಾಗಿಲಲ್ಲಿ ಬಗ್ಗಿ ಇಬ್ಬರೂ ಒಳಗೆ ನುಗ್ಗಿದೆವು. ಯಾರೂ ಇರಲಿಲ್ಲ. ಬಲೆಚೀಲದಲ್ಲಿ ಅವಳ ಬುರುಡೆ ಇಡಿಯಾಗಿಯೇ ತೂಗುತ್ತಿತ್ತು. ಕಾಪೋರಾ ಅದನ್ನು ಎದೆಗವಚಿಕೊಂಡು ನಕ್ಕುಬಿಟ್ಟಳು.

"ನೋಡು, ಕೂದಲೆಳೆಯಷ್ಟೂ ಬಿರುಕಿಲ್ಲ! ಜೀವ ಹೋದಂಗಾಗಿತ್ತು ಕಣೇ. ನೀರು ಹಾಕು."

ಮಡಕೆಯಿಂದ ತುಂಬ ಸುರಿದೆ. ಅವಳು ಬಾಯಿಗೆತ್ತುವಷ್ಟರಲ್ಲಿ ಅಷ್ಟೂ ನೀರು ಅವಳ ಪಾದದ ಮೇಲೆ ಬಿದ್ದಿತ್ತು. ಮತ್ತೆ ಸುರಿದೆ, ಮತ್ತೆ ಬಿತ್ತು. ಒಳಗೆ ಬೆರಳಾಡಿಸಿ ನೋಡಿದೆ. ನುಣ್ಣಗಿತ್ತು, ಒಣಗಿತ್ತು.

ಆ ಚಿತ್ರ ಎಷ್ಟೋ ಮಳೆಗೆ ತೊಳೆದುಹೋಗಿದೆ. ಕಾಪೋರಾ ಗಟ್ಟಿಮುಟ್ಟಾಗಿಯೇ ಇದ್ದಾಳೆ. ಆ ಬುರುಡೆಯಲ್ಲಿ ಇಂದಿಗೂ ನೀರು ನಿಲ್ಲುವುದಿಲ್ಲ. ಈಚೆಗೆ ಅವಳ ಬೊಗಸೆಯಲ್ಲೂ ನಿಲ್ಲುತ್ತಿಲ್ಲ.