ಎಡಗಡೆ ಪೋಸ್ಟಿನ ಗುಟ್ಟು

"ಅಪ್ಪಾ, ನಮ್ಮ ಕೀಪರ್ ಪಲಾಶ್ ಇದ್ದಾನಲ್ಲ, ಎತ್ತರದ ಬಾಲ್ ಬಂದ್ರ ಕಣ್ಣ ಮುಚ್ಚತಾನ! ಈ ಸೀಸನ್‌ದಾಗ ಅದೇ ನಮ್ಮ ದೊಡ್ಡ ವೀಕ್‌ನೆಸ್, ನೋಡ್ತಿರು!"

ಮರದ ಗ್ಯಾಲರಿಯಲ್ಲಿ ಕುಳಿತು ಮೈತ್ರಿ ಫೋನಿನಲ್ಲಿ ಕಿರುಚುತ್ತಿದ್ದಳು. ಅಂದು ಬಂಗಾಳಿ ಹೊಸ ವರ್ಷ. ಕೆಳಗೆ ಮೈದಾನದಲ್ಲಿ ಅರುಣೋದಯ ಸಂಘದ ಬಾರ್ ಪೂಜೆ ನಡೆದಿತ್ತು. ಗೋಲಿನ ಅಡ್ಡಪಟ್ಟಿಗೆ ಹೂವಿನ ಹಾರ ಹಾಕಿ, ಕಂಬಕ್ಕೆ ಸಿಂಧೂರ ಹಚ್ಚಿ, ಮಂತ್ರ ಹೇಳಿಸಿಯೇ ಕೋಲ್ಕತ್ತಾದ ಫುಟ್‌ಬಾಲ್ ಕ್ಲಬ್ಬುಗಳು ಹೊಸ ಸೀಸನ್ನಿಗೆ ಕಾಲಿಡುವುದು.

"ಮತ್ತ ಸ್ಟ್ರೆಂತ್ ಏನವಾ?" ಆಸನ್ಸೋಲ್‌ನಿಂದ ಅಪ್ಪ ಓಂಕಾರಪ್ಪ ಕೇಳಿದರು. ರೈಲ್ವೆಯವರು ಅಲ್ಲಿಗೆ ವರ್ಗ ಮಾಡಿದ ಮೇಲೆ ಮಗಳ ಕಣ್ಣಿನಿಂದಲೇ ಅವರು ಆಟ ನೋಡುವುದು.

"ಎರಡೂ ವಿಂಗ್ ಮಸ್ತ್ ಅದಾವು. ಮಿಡ್‌ಫೀಲ್ಡ್ ಗಡಿಬಿಡಿ ಮಾಡೂದಿಲ್ಲ. ಡಿಫೆನ್ಸ್ ಮಾತ್ರ ಭಾಳ ಮುಂದ ಬಂದು ನಿಲ್ತದ, ಹಿಂದ ಜಾಗಾ ಪೂರಾ ಖಾಲಿ! ಆಮ್ಯಾಲೆ ಈ ಪಲಾಶ್‌ನ ಕಣ್ಣು..."

"ಕಣ್ಣು ಮುಚ್ಚುದಿಲ್ಲ ಮಾರಾಯ್ರೆ. ಹೊರಡುದು ಸ್ವಲ್ಪ ತಡ, ಅಷ್ಟೆ."

ಮುಂದಿನ ಸಾಲಿನಿಂದ ಕನ್ನಡ!

ಮೈತ್ರಿ ಕಿವಿಯಿಂದ ಫೋನ್ ಇಳಿಸಿದಳು. ಕನ್ನಡಕ ಹಾಕಿದ ಎತ್ತರದ ಯುವಕನೊಬ್ಬ ತಿರುಗಿ ನಗುತ್ತ ಅವಳನ್ನೇ ನೋಡುತ್ತಿದ್ದ. ಹಣೆಯಲ್ಲಿ ಪೂಜೆಯ ಕುಂಕುಮ, ಕೈಯಲ್ಲಿ ಕ್ಯಾಮೆರಾ.

ಲೇಕ್ ಗಾರ್ಡನ್ಸ್‌ನಲ್ಲಿ ಬೆಳೆದ ಅವಳಿಗೆ ಕನ್ನಡವೆಂದರೆ ಮನೆಯೊಳಗಿನ ಭಾಷೆ. ಹೊರಗೆ ಅದು ಯಾರಿಗೂ ತಿಳಿಯುವುದಿಲ್ಲ ಎನ್ನುವುದು ಅಮ್ಮ ಅಪ್ಪ ಕಲಿಸಿಕೊಟ್ಟ ಧೈರ್ಯ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಮಿಠಾಯಿ ಅಂಗಡಿಯ ಎದುರು ಯಾರ ಬಗ್ಗೆ ಏನನ್ನಾದರೂ ಗಟ್ಟಿಯಾಗಿಯೇ ಹೇಳಬಹುದು! ಕೋಲ್ಕತ್ತಾದ ಕನ್ನಡದ ಮನೆಗಳಲ್ಲೆಲ್ಲ ಇದೇ ರೂಢಿ.

"ನಿಮಗ... ಕನ್ನಡ ಬರ್ತದೇನು?"

"ಬಾರದೆ ಎಂತ? ಉಡುಪಿಯವ ನಾನು. ಚಂದ್ರಹಾಸ. ಇಲ್ಲಿ ಯೂನಿವರ್ಸಿಟಿಯಲ್ಲಿ ರಿಸರ್ಚ್. ಗೋಲ್‌ಕೀಪರ್‌ಗಳು ಬಾಲಿಗೆ ಎಷ್ಟು ಬೇಗ ಹೊರಡ್ತಾರೆ ಅಂತ ಅಳೆಯುದು."

"ಅಂದ್ರ ಅವಾಗಿನಿಂದ ಕದ್ದು ಕೇಳ್ತಿದ್ರಿ!"

"ಕದ್ದು ಕೇಳ್ಲಿಕ್ಕೆ ಎಂತ ಉಂಟು? ಇಡೀ ಮೈದಾನಕ್ಕೇ ಕೇಳ್ತಿತ್ತು!"

ಅವಳ ಕೆನ್ನೆ ಬಿಸಿಯಾಯಿತು. ನಾಚಿಕೆಗಿಂತ ಮೊದಲು ಬಂದದ್ದು ಅನುಮಾನ. ‘ಯಾರಿವನು? ಯಾವ ಕ್ಲಬ್ಬಿನ ಕಡೆಯವನು? ಕ್ಯಾಮೆರಾ ಬೇರೆ!’ ಕಾಲೇಜಿನಲ್ಲಿ ಡಿಫೆಂಡರ್ ಆಗಿ ಆಡಿದವಳು ನಮ್ಮ ಮೈತ್ರಿ. ಎದುರು ಬಂದವರೆಲ್ಲ ಗೋಲು ಹೊಡೆಯಲೇ ಬಂದವರು ಎಂದು ನಂಬುವುದು ಅವಳಿಗೆ ಅಂಟಿಕೊಂಡ ಅಭ್ಯಾಸ.

*

ಆದರೆ ಎದುರಿನವನು ಅಷ್ಟು ಮೆತ್ತಗೆ ನಗುವವನಾದರೆ ಅನುಮಾನವೂ ಸುಸ್ತಾಗುತ್ತದೆ.

ಪ್ರತಿ ಸೀಸನ್ನಿಗೆ ಮುಂಚೆ ತಂಡದ ಬಲವೇನು, ದೌರ್ಬಲ್ಯವೇನು ಎಂದು ಮೈತ್ರಿ ಅಭಿಮಾನಿಗಳ ಪೇಜಿನಲ್ಲಿ ಬರೆಯುತ್ತಿದ್ದಳು. ಅದಕ್ಕಾಗಿಯೇ ಎಲ್ಲರ ‘ದಾ’ ಅಂದರೆ ಅಣ್ಣ ಎನಿಸಿದ ಕೋಚ್ ಮಾನಿಕ್‌ದಾ ಅವಳಿಗೆ ಪ್ರಾಕ್ಟೀಸ್ ನೋಡಲು ಬಿಡುತ್ತಿದ್ದರು. ಶರತ್ತು ಒಂದೇ. ಬರೆಯಬೇಡ ಎಂದು ಅವರು ಹೇಳಿದ್ದು ಬೇಲಿ ದಾಟಬಾರದು. ಈ ವರ್ಷ ಅದೇ ಶರತ್ತಿನ ಮೇಲೆ ಚಂದ್ರಹಾಸನಿಗೂ ಜಾಗ ಸಿಕ್ಕಿತು.

ಸಂಜೆ ಎಸ್ಪ್ಲನೇಡ್ ಬಳಿಯ ಆಫೀಸು ಬಿಟ್ಟರೆ ಅವಳು ನೇರ ಮೈದಾನಕ್ಕೆ. ಮಣ್ಣಿನ ಕುಡಿಕೆಯ ಚಹಾ ಹಿಡಿದು ಇಬ್ಬರೂ ಜಗಳ ಆಡುತ್ತಿದ್ದರು. ಅವಳು ಕಣ್ಣಿನ ಲೆಕ್ಕ ಹೇಳಿದರೆ ಅವನು ಕ್ಯಾಮೆರಾದ ಲೆಕ್ಕ ಹೇಳುತ್ತಿದ್ದ. ‘ನೀವು’ ಹೋಗಿ ‘ನೀನು’ ಬಂದದ್ದು ಯಾವಾಗ? ಇಬ್ಬರಿಗೂ ನೆನಪಿಲ್ಲ.

ಒಂದು ಸಂಜೆ ಇಬ್ಬರೂ ಒಟ್ಟಿಗೆ ಅದನ್ನು ಕಂಡುಹಿಡಿದರು. ಎಡಗಡೆ ಪೋಸ್ಟಿಗೆ ಎತ್ತರದ ಬಾಲ್ ಬಂದಾಗ ಪಲಾಶ್ ಎಡಗೈ ಎತ್ತುತ್ತಲೇ ಇಲ್ಲ! ಬಲಗೈಯನ್ನೇ ಚಾಚುತ್ತಾನೆ, ಅದಕ್ಕೇ ತಡ.

"ಭುಜಕ್ಕೆ ಪೆಟ್ಟಾಗಿದೆ. ಮುಚ್ಚಿಟ್ಟಿದ್ದಾನೆ ಪಾಪ," ಎಂದ ಚಂದ್ರಹಾಸ.

ವಿಷಯ ಕೇಳಿ ಮಾನಿಕ್‌ದಾ ಅವರ ಮುಖ ಕಪ್ಪಾಯಿತು. "ಬೇರೆ ಕೀಪರ್ ಸಿಗುವವರೆಗೆ ಇದು ನಮ್ಮ ಮೂವರಲ್ಲೇ ಇರಲಿ. ಆ ಹುಡುಗನ ಹೊಟ್ಟೆಪಾಡಿದು," ಎಂದರು ಬಂಗಾಳಿಯಲ್ಲಿ.

ಮೈತ್ರಿ ತಲೆಯಾಡಿಸಿದಳು. ಪೇಜಿನಲ್ಲಿ ಬರೆಯಲಿಲ್ಲ. ಗೆಳತಿಯರಿಗೂ ಹೇಳಲಿಲ್ಲ. ಮನೆಗೆ ಹೋಗುವಾಗ ಅಪ್ಪನಿಗೆ ಫೋನಿನಲ್ಲಿ ಹೇಳಿದಳು, ಅಪ್ಪನೇನು ಹೊರಗಿನವರೇ?

ಅಂದು ಬೀಳ್ಕೊಡುವಾಗ ಚಂದ್ರಹಾಸ ಅವಳ ಕೈಯಲ್ಲಿದ್ದ ಖಾಲಿ ಕುಡಿಕೆಯನ್ನು ತಾನೇ ತೆಗೆದುಕೊಂಡ. ಬೆರಳು ತಾಕಿತು. ಅವನು ಏನೋ ಹೇಳಲು ಹೊರಟು ಸುಮ್ಮನಾದ.

‘ಹೇಳಬಾರದಿತ್ತೇನು ಹುಚ್ಚಾ...’ ಮೆಟ್ರೋದ ತುಂಬ ಅವಳಿಗೆ ಅದೇ ಯೋಚನೆ.

*

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು.

ಅವನು ಈಗೀಗ ಪ್ರಾಕ್ಟೀಸ್ ಮುಗಿಯುವ ಮೊದಲೇ ಏಳುತ್ತಿದ್ದ. "ಎಲ್ಲಿಗೆ?" ಎಂದರೆ "ಬೇರೆ ಕೆಲಸ ಉಂಟು" ಎನ್ನುತ್ತಿದ್ದ. ಅವಳು ಹತ್ತಿರ ಬಂದರೆ ಫೋನನ್ನು ಮಗುಚಿ ಇಡುತ್ತಿದ್ದ. ಒಮ್ಮೆ ಆಫೀಸಿನಿಂದ ಬರುವಾಗ ಅವಳೇ ಕಣ್ಣಾರೆ ಕಂಡಳು. ಬದ್ಧ ಎದುರಾಳಿ ಯುವಜ್ಯೋತಿ ಕ್ಲಬ್ಬಿನ ಕಚೇರಿಯಾದ ಟೆಂಟಿನಿಂದ ಚಂದ್ರಹಾಸ ಹೊರಬರುತ್ತಿದ್ದ! ಕುತ್ತಿಗೆಯಲ್ಲಿ ಅದೇ ಕ್ಯಾಮೆರಾ!

ಅವಳು ಮರದ ಮರೆಗೆ ಸರಿದಳು. ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆಂಬ ಭಯ!

ಲೀಗ್ ಆರಂಭಕ್ಕೆ ಮುಂಚೆ ಯುವಜ್ಯೋತಿಯ ಜೊತೆ ಅಭ್ಯಾಸ ಪಂದ್ಯವಿತ್ತು. ಮೊದಲ ಕಾರ್ನರ್ ಎಡಗಡೆ ಪೋಸ್ಟಿಗೆ ಬಂತು. ಎರಡನೆಯದೂ ಅಲ್ಲಿಗೇ. ಫ್ರೀ ಕಿಕ್ ಕೂಡ ಅಲ್ಲಿಗೇ! ಪಲಾಶ್ ಪ್ರತಿ ಸಲವೂ ಬಲಗೈ ಚಾಚಿದ, ಪ್ರತಿ ಸಲವೂ ಬಾಲ್ ಬಲೆಯೊಳಗೆ. ಕೊನೆಗೊಮ್ಮೆ ಹಟಕ್ಕೆ ಬಿದ್ದು ಎಡಗೈ ಎತ್ತಿದವನು ನೋವಿನಿಂದ ಚೀರಿ ಕುಸಿದು ಕುಳಿತ.

"ಅವರಿಗೆ ಗೊತ್ತಿತ್ತು," ಮಾನಿಕ್‌ದಾ ಹಲ್ಲು ಕಚ್ಚಿ ಹೇಳಿದರು. "ಯಾರೋ ಹೇಳಿದ್ದಾರೆ."

ಮೈತ್ರಿಯ ಕಣ್ಣು ತಾನಾಗಿ ಅವನನ್ನು ಹುಡುಕಿತು. ಟಚ್‌ಲೈನಿನ ಆಚೆ ಯುವಜ್ಯೋತಿಯ ಕೋಚ್ ಸುಬೀರ್‌ದಾ ಚಂದ್ರಹಾಸನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ನಂತರ ಅವನ ಭುಜ ತಟ್ಟಿದರು.

ಅಷ್ಟು ಸಾಕಾಯಿತು.

"ಎಷ್ಟು ಚಂದ ಭುಜ ತಟ್ಟಿಸಿಕೊಂಡಿ!" ಅವಳು ಹೋಗಿ ಅವನೆದುರು ನಿಂತಳು.

"ಮೈತ್ರಿ, ನಾನು ಹೇಳ್ಲಿಲ್ಲ."

"ಮತ್ಯಾರು? ಗೊತ್ತಿದ್ದದ್ದು ನಿನಗ, ನನಗ, ಮಾನಿಕ್‌ದಾ ಅವರಿಗ! ಅವರ ಟೆಂಟಿಗೆ ಯಾಕ ಹೋಗಿದ್ದಿ? ನಾ ನೋಡೀನಿ!"

"ಅದು... ಈಗ ಹೇಳ್ಲಿಕ್ಕೆ ಆಗುದಿಲ್ಲ."

"ಆಗೂದಿಲ್ಲ! ನಾ ಎಂಥಾ ಸ್ಟುಪಿಡ್! ನೀ ಬಂದಿದ್ದೇ ಅದಕ್ಕ!"

ಚಂದ್ರಹಾಸ ಬಾಯಿ ತೆರೆದ. ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ಅಳುತ್ತಿದ್ದ ಪಲಾಶ್‌ನ ಕಡೆ ನೋಡಿದ. ಮತ್ತೆ ಅವಳನ್ನು ನೋಡಿದ. ಏನೂ ಹೇಳಲಿಲ್ಲ.

ಆ ಮೌನವನ್ನೇ ಅವಳು ಒಪ್ಪಿಗೆಯೆಂದು ಎಣಿಸಿದಳು. ಟೆಂಟಿನ ವಿಷಯವನ್ನು ಅಲ್ಲಿಯೇ ಮಾನಿಕ್‌ದಾಗೆ ಹೇಳಿಬಿಟ್ಟಳು. "ನಾಳೆಯಿಂದ ಬರಬೇಡ," ಎಂದರು ಅವರು. ಅವನು ತಲೆ ತಗ್ಗಿಸಿ ಹೊರಟುಹೋದ. ಗೇಟಿನವರೆಗೂ ಒಮ್ಮೆಯಾದರೂ ತಿರುಗಬಹುದೆಂದು ಕಾದಳು ಹುಡುಗಿ... ತಿರುಗಲಿಲ್ಲ.

*

ಗೆದ್ದವಳಂತೆ ಓಡಾಡಬೇಕಿತ್ತು. ಆದರೆ ಊಟ ಸೇರಲಿಲ್ಲ. ಸೀಸನ್ನಿನ ಬರಹ ಅರ್ಧಕ್ಕೇ ನಿಂತಿತು.

ಎಸ್ಪ್ಲನೇಡ್ ಮೆಟ್ರೋ ಪ್ಲಾಟ್‌ಫಾರಂನಲ್ಲಿ ಅಪ್ಪನ ಫೋನ್ ಬಂದದ್ದೇ ತಡ, ಕಟ್ಟೆ ಒಡೆಯಿತು.

"ಅಪ್ಪಾ, ಮೋಸ ಮಾಡಿದಾಂವ ಅಂತ ಗೊತ್ತಿದ್ರೂ ಅಂವಾ ನೆನಪಾಗ್ತಾನ! ನಾ ಅವನ್ನ... ನಂಗ ಅಂವಾ ಭಾಳ ಇಷ್ಟ ಆಗಿದ್ದ ಅಪ್ಪಾ!"

ಸುತ್ತ ಆಫೀಸು ಬಿಟ್ಟವರ ನೂಕುನುಗ್ಗಲು. ಯಾರಿಗೆ ತಿಳಿಯಬೇಕು ಈ ಅಳು?

"ತಂಗಿ, ಅಂವಾ ಏನಂದ ಪೂರಾ ಕೇಳಿದಿಯೇನು?" ಓಂಕಾರಪ್ಪ ಮೆಲ್ಲಗೆ ಕೇಳಿದರು. "ನೀ ಸಂಶಯ ಹಿಡಕೊಂಡ್ರ ಬಿಡೂದಿಲ್ಲ..."

"ಕೇಳೂದೇನದ ಅಪ್ಪಾ? ಗುಟ್ಟು ಹೇಳಿದಾಂವ ಅಂವನೇ!"

"ಅಲ್ಲಮ್ಮ. ಆ ಹುಡುಗ ಹೇಳಿಲ್ಲ. ನೀನೇ ಹೇಳಿದ್ದು."

ಬೆನ್ನ ಹಿಂದಿನಿಂದ ಕನ್ನಡ! ಬೆಂಗಳೂರಿನ ಕನ್ನಡ, ಬಂಗಾಳಿಯ ರಾಗದಲ್ಲಿ.

ತಿರುಗಿದಳು. ಸುಬೀರ್‌ದಾ!

"ನಾನು ಚಿಕ್ಕ ವಯಸ್ಸಲ್ಲಿ ಬೆಂಗಳೂರಲ್ಲಿ ಒಂದು ಫ್ಯಾಕ್ಟರಿ ಟೀಮ್‌ಗೆ ಆಡ್ತಿದ್ದೆ. ವರ್ಷಗಟ್ಲೆ ಅಲ್ಲೇ ಇದ್ದೆ. ನಿಮ್ಮ ಭಾಷೆ ಬರುತ್ತೆ," ಅವರು ಮುಜುಗರದಿಂದ ನಕ್ಕರು. "ಅವತ್ತು ಇದೇ ಪ್ಲಾಟ್‌ಫಾರಂನಲ್ಲಿ ನೀನು ಫೋನಲ್ಲಿ ಹೇಳ್ತಾ ಇದ್ದೆ. ಪಲಾಶ್ ಭುಜ, ಎಡಗಡೆ ಪೋಸ್ಟು, ಎಲ್ಲಾ. ನಾನು ನಿನ್ನ ಹಿಂದೇನೇ ನಿಂತಿದ್ದೆ. ಕೋಚ್ ಅಲ್ವಾ... ಕಿವಿ ಮುಚ್ಕೊಳ್ಳೋಕೆ ಆಗ್ಲಿಲ್ಲ."

ರೈಲು ಬಂದು ನಿಂತಿತು, ಹೊರಟೂ ಹೋಯಿತು. ಮೈತ್ರಿ ಹತ್ತಲಿಲ್ಲ. ‘ನಾನಾ? ನನ್ನ ಬಾಯಿಂದಲೇನಾ...’

"ಮತ್ತ ಅಂವಾ... ನಿಮ್ಮ ಟೆಂಟಿಗೆ?"

"ಎರಡೂ ಕ್ಲಬ್ ಕೀಪರ್‌ಗಳನ್ನ ಅಳೀತಾನೆ. ಒಂದರ ಮಾತು ಇನ್ನೊಂದಕ್ಕೆ ಹೇಳಲ್ಲ, ನಮ್ಮಲ್ಲಿಗೆ ಬರೋದನ್ನೂ ಯಾರಿಗೂ ಹೇಳಲ್ಲ ಅಂತ ನನಗೆ ಮಾತು ಕೊಟ್ಟಿದಾನೆ. ಪಲಾಶ್ ಬಗ್ಗೆ ನಾನೂ ಕೇಳಿ ನೋಡ್ದೆ, ಬಾಯೇ ಬಿಡ್ಲಿಲ್ಲ. ಮ್ಯಾಚ್ ದಿನ ನಾನೇ ಅವನಿಗೆ ಹೇಳ್ದೆ, ನಿಮ್ಮ ಹುಡುಗಿ ಫೋನಲ್ಲಿ ಹೇಳಿದ್ದು ಕೇಳಿಸ್ಕೊಂಡೆ ಅಂತ." ಸುಬೀರ್‌ದಾ ತಡೆದರು. "ಅವನು ಏನಂದ ಗೊತ್ತಾ? ‘ದಾದಾ, ಅವಳಿಗೆ ಹೇಳಬೇಡಿ. ಪಲಾಶ್ ಅಳೋದು ತನ್ನಿಂದ ಅಂತ ಗೊತ್ತಾದ್ರೆ ಅವಳು ತಡ್ಕೊಳ್ಳಲ್ಲ.’ ಅದಕ್ಕೇ ಭುಜ ತಟ್ಟಿದ್ದು. ಇವತ್ತು ನಿನ್ನ ಅಳು ನೋಡಿ ಅವನಿಗೆ ಕೊಟ್ಟ ಮಾತು ಮುರೀತಿದೀನಿ."

ಮೈತ್ರಿ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕುಳಿತಳು. ಫೋನಿನೊಳಗೆ ಓಂಕಾರಪ್ಪ ಇನ್ನೂ ಇದ್ದರು. "ಕೇಳಿದ್ನಿ ತಂಗಿ," ಎಂದರು. "ತಪ್ಪು ಇಬ್ಬರದೂ ಐತಿ. ನಾನೂ ‘ಜೋರಾಗಿ ಹೇಳು, ಕೇಳವಲ್ದು’ ಅಂದಿದ್ನಿ. ಮೊದಲು ಆ ಪಲಾಶ್‌ನ ಹತ್ರ ಹೋಗು."

*

ಪಲಾಶ್‌ನ ಎದುರು ನಿಂತು ಹೇಳುವುದು ಸುಲಭವಾಗಿರಲಿಲ್ಲ. ಅವನು ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ.

"ಸಿಟ್ಟು ಬಂದಿದೆ ದೀದಿ. ಸುಳ್ಳು ಹೇಳಲ್ಲ," ಎಂದ. "ಆದರೆ ಮುಚ್ಚಿಟ್ಟು ಆಡಿದ್ದು ನಾನೇ. ಇನ್ನೂ ತಡವಾಗಿದ್ದರೆ ಕೈಯೇ ಹೋಗುತ್ತಿತ್ತಂತೆ."

ಮಾನಿಕ್‌ದಾ ಮಾತ್ರ ಕರಗಲಿಲ್ಲ. "ಆ ಹುಡುಗನನ್ನು ಕರೆಸು. ಅವನ ಜಾಗ ಅವನಿಗೆ. ನೀನು ಈ ಸೀಸನ್ ಟಿಕೆಟ್ ತಗೊಂಡು ಎಲ್ಲರ ಜೊತೆ ಕೂರು. ಪ್ರಾಕ್ಟೀಸಿಗೆ ಬರಬೇಡ."

"ಸರಿ," ಎಂದಳು ಮೈತ್ರಿ. ಮೈದಾನದ ಬೇಲಿ ದಾಟುವಾಗ ಕಣ್ಣು ತುಂಬಿತು. ಆದರೂ ಮರುದಿನ ಸಂಜೆ ಅವಳು ನ್ಯೂ ಟೌನ್ ಬಸ್ಸು ಹಿಡಿದಳು.

ಯೂನಿವರ್ಸಿಟಿ ಲ್ಯಾಬಿನ ಎದುರಿನ ಬಸ್ ಸ್ಟಾಪಿನ ಸಾಲಿನಲ್ಲಿ ಚಂದ್ರಹಾಸ ನಿಂತಿದ್ದ. ಅವಳನ್ನು ಕಂಡು ಅವನ ಮುಖದಲ್ಲಿ ಮೊದಲು ಸುಳಿದದ್ದು ಗಾಬರಿ. ಅಷ್ಟು ನೋಯಿಸಿದ್ದಳು ಅವಳು!

"ಎಲ್ಲಾ ಗೊತ್ತಾತು," ಎಂದಳು. "ಸುಬೀರ್‌ದಾ ಹೇಳಿದ್ರು."

"ಅವರು ಯಾಕೆ ಹೇಳಿದ್ದು!" ಅವನು ಬೇಸರದಿಂದ ತಲೆ ಕೊಡವಿದ. "ನೀನು ರಾತ್ರಿಯೆಲ್ಲ ಅಳ್ತಿ ಅಂತ ನನಗೆ ಗೊತ್ತಿತ್ತು."

"ಹೌದು, ಅತ್ನಿ. ನಿನ್ನ ಮ್ಯಾಲೆ ಹೊರಿಸಿದ್ನಲ್ಲ, ಅದಕ್ಕ ಅತ್ನಿ. ಬೈ ನನ್ನ. ಚಂದ್ರಹಾಸ, ಪ್ಲೀಸ್ ಬೈ!"

ಅವನು ಬೈಯಲಿಲ್ಲ. ಮೆಲ್ಲಗೆ ಹೇಳಿದ, "ಬೇಜಾರಾಯ್ತು, ಮೈತ್ರಿ. ನೀನು ಒಮ್ಮೆಯಾದ್ರೂ ನನ್ನ ಮಾತು ನಂಬ್ತಿ ಅಂತ ಗ್ರಹಿಸಿದ್ದೆ. ಗೇಟಿನ ಹತ್ರ ತಿರುಗ್ಲಿಲ್ಲ ಯಾಕೆ ಗೊತ್ತುಂಟಾ? ತಿರುಗಿದ್ರೆ ಹೇಳಿಬಿಡ್ತಿದ್ದೆ."

ಅವಳು ಕಣ್ಣೊರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದಳು.

"ಹಂಗಾದ್ರ ನನ್ನ ರಿಪೋರ್ಟ್ ಕೇಳು. ಈ ಸೀಸನ್ ಮೈತ್ರಿಯ ವೀಕ್‌ನೆಸ್. ಭಾಳ ಸಂಶಯ. ಬಾಯಿ ಜೋರು. ಒಳ್ಳೇವ್ರನ್ನ ಗುರ್ತು ಹಿಡಿಯಾಕ ಬರೂದಿಲ್ಲ."

"ಸ್ಟ್ರೆಂತ್ ಎಂತ ಇಲ್ವಾ?"

"ಒಂದೇ ಅದ." ಅವಳು ಉಸಿರು ಎಳೆದುಕೊಂಡಳು. "ನಾ ನಿನ್ನ ಪ್ರೀತಿ ಮಾಡ್ತೀನಿ, ಚಂದ್ರಹಾಸ! ಭಾಳ ಪ್ರೀತಿ ಮಾಡ್ತೀನಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಂದ್ರಹಾಸನ ಕಿವಿ ಕೆಂಪಾಯಿತು.

"ಮೆಲ್ಲ ಮಾತಾಡು ಮಾರಾಯ್ತಿ! ಈ ಲೈನಲ್ಲಿ ಯಾರಿಗಾದ್ರೂ ಕನ್ನಡ ಬರ್ತಿದ್ರೆ?"

"ಬರಲಿ. ಇದನ್ನ ಎಲ್ಲಾರೂ ಕೇಳಲಿ."

ಅವನು ನಕ್ಕ. ಬಾರ್ ಪೂಜೆಯ ದಿನ ಮುಂದಿನ ಸಾಲಿನಿಂದ ತಿರುಗಿ ನಕ್ಕಿದ್ದ ಅದೇ ನಗು. ಬಸ್ಸು ಬಂತು, ಸಾಲು ಮುಂದೆ ಸರಿಯಿತು. ಅವನು ಸರಿಯಲಿಲ್ಲ, ಅವಳ ಕೈ ಹಿಡಿದುಕೊಂಡ.

"ಹಾಗಾದ್ರೆ ಇನ್ನೊಮ್ಮೆ ಹೇಳು," ಎಂದ. "ಬಸ್ಸಿನ ಗಲಾಟೆಯಲ್ಲಿ ನನಗೆ ಸರಿಯಾಗಿ ಕೇಳ್ಲಿಲ್ಲ."